ರಕ್ತದ ಕ್ಯಾನ್ಸರ್: ಮಕ್ಕಳ ಬಾಳಿಗೆ ಬಂದ ಬೆಳಕು

ಹಿಂದೆ ತೀವ್ರ ರಕ್ತ ಕ್ಯಾನ್ಸರ್ ತಗುಲಿದ ಮಕ್ಕಳು ಕೆಲವೇ ತಿಂಗಳಲ್ಲಿ ಅಸುನೀಗುತ್ತಿದ್ದರು. 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್, ಅಮಿನೋಪ್ಟೆರಿನ್ ಔಷಧದಿಂದ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ತೋರಿಸಿದರು. ಆ ಔಷಧ ರೂಪುಗೊಂಡದ್ದು ಭೀಮವರಂನಲ್ಲಿ ಜನಿಸಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಸ್ಥಾಪನೆಯಾಯಿತು. ಇಂದು ಸಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆದ ಬಹುಪಾಲು ಮಕ್ಕಳು ಗುಣಹೊಂದುತ್ತಾರೆ.

ಬಿಳಿಚಿದ ಮುಖ, ಬಿಡದ ಜ್ವರ, ಮೂಳೆನೋವು ರೋಗದ ಲಕ್ಷಣಗಳು. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಚಿಕ್ಕೋಡಿ ಬಳಿಯ ಕರೋಶಿಯಂಥ ಊರಿನಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಹೀಗಾಗಿ ಪಾಠಗಳು ತಪ್ಪುತ್ತವೆ. ಬಾಯಿ ಹುಣ್ಣಾಗುತ್ತದೆ. ಕೂದಲು ಉದುರಿದರೂ ಮತ್ತೆ ಬೆಳೆಯುತ್ತದೆ.

ವಿದ್ಯಾರ್ಥಿಗಳೇ, ಈ ರೋಗ ಅಂಟುವುದಿಲ್ಲ. ಶಾಲೆಗೆ ಮರಳಿದ ಗೆಳೆಯನ ಪಕ್ಕ ಕೂರಲು ಅಂಜಬೇಡಿ. ನಿಮಗೆ ನೆಗಡಿಯಿದ್ದರೆ ಮಾತ್ರ ದೂರವಿರಿ. ಅದು ಅವನಿಗೆ ಅಪಾಯಕಾರಿ.