ಹತ್ತನೆಯ ಕಲಮಿನಲ್ಲಿ ಚಿತ್ರಕಲೆ

ಜಗತ್ತಿನ ಮೊದಲ ರೆಸ್ಯೂಮೆ ಬರೆದವನು ಲಿಯೊನಾರ್ಡೊ ಡಾ ವಿಂಚಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ‘ಮೊದಲನೆಯದು’ ಎಂಬ ಪದವನ್ನು ಇತಿಹಾಸದ ವಿದ್ಯಾರ್ಥಿಗಳು ನಂಬಬಾರದು. ಕೆಲಸ ಕೇಳಿ ದೊರೆಗಳಿಗೆ ಬರೆದವರು ಅವನಿಗಿಂತ ಮುಂಚೆಯೂ ಇದ್ದರು. ಆದರೂ ಆ ಪತ್ರವನ್ನು ಓದಬೇಕು, ಬೇರೆ ಕಾರಣಕ್ಕೆ.

1482ರ ಸುಮಾರು. ಲಿಯೊನಾರ್ಡೊಗೆ ಮೂವತ್ತು ವರ್ಷ. ಫ್ಲಾರೆನ್ಸಿನಲ್ಲಿ ಹೆಸರಿತ್ತು, ನೆಲೆ ಇರಲಿಲ್ಲ. ಹಿಂದಿನ ವರ್ಷ ಸಿಸ್ಟೀನ್ ಚಾಪೆಲ್‌ನ ಗೋಡೆಗಳಿಗೆ ಚಿತ್ರ ಬರೆಯಲು ರೋಮಿಗೆ ಹೋದವರಲ್ಲಿ ಬೊಟಿಚೆಲ್ಲಿ ಇದ್ದ, ಗಿರ್ಲಾಂಡಾಯೊ ಇದ್ದ, ಇವನಿರಲಿಲ್ಲ. ಮಠವೊಂದಕ್ಕೆ ಒಪ್ಪಿಕೊಂಡಿದ್ದ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಮಿಲಾನಿನ ಕಡೆ ಹೊರಟ. ಅಲ್ಲಿ ಅಣ್ಣನ ಮಗನ ಹೆಸರಿನಲ್ಲಿ ಆಳುತ್ತಿದ್ದವನು ಲುಡೊವಿಕೊ ಸ್ಫೋರ್ಜಾ. ಅಧಿಕಾರ ಅವನದು, ಪಟ್ಟ ಇನ್ನೂ ಅವನದಲ್ಲ. ಜೊತೆಗೆ ವೆನಿಸ್ ವಿರುದ್ಧ ಯುದ್ಧ.

ಪತ್ರದಲ್ಲಿ ಹತ್ತು ಕಲಮುಗಳಿವೆ. ಹೊತ್ತೊಯ್ಯಬಲ್ಲ ಹಗುರ ಸೇತುವೆಗಳು, ಕಂದಕದ ನೀರು ಬಸಿಯುವ ಉಪಾಯ, ಚಿಕ್ಕ ಕಲ್ಲುಗಳನ್ನು ಮಳೆಯಂತೆ ಸುರಿಸುವ ಫಿರಂಗಿ, ಸದ್ದಿಲ್ಲದೆ ತೋಡುವ ಸುರಂಗ, ಮುಚ್ಚಿಗೆಯ ಯುದ್ಧರಥ. ಒಂಬತ್ತು ಕಲಮು ಬರೀ ಯುದ್ಧ. ಶಾಂತಿಕಾಲದ ಕೆಲಸಗಳು ಬರುವುದು ಹತ್ತನೆಯದರಲ್ಲಿ: ಕಟ್ಟಡ, ನೀರಿನ ಕಾಲುವೆ, ಶಿಲ್ಪ; ಇವುಗಳ ಬೆನ್ನಿಗೆ, ಚಿತ್ರವನ್ನೂ ಬರೆಯಬಲ್ಲೆ ಎಂಬ ಒಂದು ಮಾತು. ಮಿಲಾನಿಗೆ ಅವನು ಹೋದದ್ದೇ ಲೈರ್ ವಾದ್ಯ ನುಡಿಸುವವನಾಗಿ ಎಂದು ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಪತ್ರದಲ್ಲಿ ಸಂಗೀತದ ಸುದ್ದಿಯೇ ಇಲ್ಲ.

ಮಿಲಾನಿನ ಆಂಬ್ರೋಸಿಯಾನಾ ಗ್ರಂಥಾಲಯದಲ್ಲಿ, ಕೋಡೆಕ್ಸ್ ಅಟ್ಲಾಂಟಿಕಸ್ ಎಂಬ ಸಂಪುಟದಲ್ಲಿ ಉಳಿದಿರುವುದು ಇದರ ಕರಡು. ಅಕ್ಷರ ಅವನದಲ್ಲ. ಎಡಗೈಯವನಾದ ಲಿಯೊನಾರ್ಡೊ ಬಲದಿಂದ ಎಡಕ್ಕೆ, ಕನ್ನಡಿ ಹಿಡಿದರೆ ಮಾತ್ರ ಓದಲಾಗುವಂತೆ ಬರೆಯುತ್ತಿದ್ದ. ಇದನ್ನು ಬೇರೆಯವರ ಕೈಯಲ್ಲಿ ಬರೆಸಿದ್ದಾನೆ. ಬಯೋಡೇಟಾ ಹಿಡಿದು ಡಿಟಿಪಿ ಅಂಗಡಿಗೆ ಹೋಗುವ ನಮಗೆ ಇದೇನೂ ಹೊಸದಲ್ಲ.

ಬರೆದದ್ದೆಲ್ಲ ನಿಜವೇ? ಅಷ್ಟರಲ್ಲಿ ಅವನು ಒಂದು ಕೋಟೆಯನ್ನೂ ಕೆಡವಿರಲಿಲ್ಲ. ಇವು ಮಾಡಿದ ಕೆಲಸಗಳಲ್ಲ, ಮಾಡಬಲ್ಲೆ ಎಂಬ ಮಾತುಗಳು. ಹಾಗೆಂದು ಸುಳ್ಳು ಎನ್ನಲಾರೆ: ಯಾವುದೇ ಅಂಶದ ಬಗ್ಗೆ ಅನುಮಾನವಿದ್ದರೆ ತಮ್ಮ ಉದ್ಯಾನದಲ್ಲೇ ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೂ ಬರೆದಿದ್ದಾನೆ. ನನಗೆ ಮುಖ್ಯವೆನಿಸುವುದು ಕಲಮುಗಳ ಕ್ರಮ. ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ರೆಸ್ಯೂಮೆ ಶುರುವಾಗುವುದೇ ಮಹಾಪ್ರಬಂಧದ ಉದ್ದನೆಯ ಶೀರ್ಷಿಕೆಯಿಂದ, ಓದುವವರು ಯಾರೇ ಇರಲಿ. ಲಿಯೊನಾರ್ಡೊನ ಪಟ್ಟಿ ಅವನ ಪ್ರತಿಭೆಯ ಕ್ರಮದಲ್ಲಿಲ್ಲ, ಲುಡೊವಿಕೊನ ಭಯದ ಕ್ರಮದಲ್ಲಿದೆ. ಆಕರವಾಗಿ ಓದಿದರೆ ಅದು ಬರೆದವನಿಗಿಂತ ಹೆಚ್ಚಾಗಿ ಓದಬೇಕಾದವನ ಚಿತ್ರ.

ಆ ಅರಮನೆಗೆ ಅವನು ಮುಂದೆ ಮಾಡಿಕೊಟ್ಟದ್ದು ಉತ್ಸವದ ಅಲಂಕಾರಗಳು, ‘ಕೊನೆಯ ಭೋಜನ’ದ ಭಿತ್ತಿಚಿತ್ರ, ಮತ್ತೊಂದು ಕುದುರೆ. ಹತ್ತನೆಯ ಕಲಮಿನ ಬುಡದಲ್ಲಿ, ಲುಡೊವಿಕೊನ ತಂದೆಯ ನೆನಪಿಗೆ ಕಂಚಿನ ಕುದುರೆ ಎರಕ ಹೊಯ್ಯುವ ಮಾತೂ ಇತ್ತು. ವರ್ಷಗಟ್ಟಲೆ ದುಡಿದು 1493ರ ಹೊತ್ತಿಗೆ ಅದರ ಬೃಹತ್ ಮಣ್ಣಿನ ಮಾದರಿ ನಿಲ್ಲಿಸಿದ. 1494ರಲ್ಲಿ ಫ್ರೆಂಚರು ಇಟಲಿಯೊಳಗೆ ನುಗ್ಗಿದಾಗ, ಕುದುರೆಗೆಂದು ಕೂಡಿಟ್ಟಿದ್ದ ಕಂಚನ್ನು ಲುಡೊವಿಕೊ ಫಿರಂಗಿ ಮಾಡಲು ಕಳಿಸಿಬಿಟ್ಟ. ಐದು ವರ್ಷಗಳ ಮೇಲೆ ಮಿಲಾನ್ ಬಿದ್ದಾಗ ಫ್ರೆಂಚ್ ಬಿಲ್ಲುಗಾರರು ಆ ಮಣ್ಣಿನ ಕುದುರೆಯನ್ನು ಗುರಿಯಾಗಿಟ್ಟು ಬಾಣ ಬಿಟ್ಟು ಆಡಿದರು.