ಮಾತಿನ ವಿದೂಷಕ ಮೂಕಿ ಚಿತ್ರಕ್ಕೆ ಬಂದಾಗ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಹಾಸ್ಯಗಾರನೆಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟವನ್ನು ಬೆಳಗಿನವರೆಗೆ ಕುಳಿತು ನೋಡಿದವರೆಲ್ಲರೂ ಬಲ್ಲರು: ಭಾಗವತರ ಪದ ಮುಗಿಯುತ್ತಿದ್ದಂತೆ ತಲೆಗೆ ಒಂದು ಮುಂಡಾಸು ಸುತ್ತಿಕೊಂಡು, ಕಿರೀಟವಾಗಲಿ ಭುಜಕೀರ್ತಿಯಾಗಲಿ ಇಲ್ಲದೆ, ದೂತನಾಗಿಯೋ ಬ್ರಾಹ್ಮಣನಾಗಿಯೋ ಆತ ರಂಗಕ್ಕೆ ಬಂದರೆ ತೂಕಡಿಸುತ್ತಿದ್ದ ಸಭೆಯೇ ಎಚ್ಚರಗೊಳ್ಳುತ್ತದೆ. ಅವನಿಗೆ ಬರೆದುಕೊಟ್ಟ ಮಾತೆಂಬುದಿಲ್ಲ. ಅಂದಿನ ಊರು, ಅಂದಿನ ಜನ, ಎದುರಿಗಿರುವ ವೇಷಧಾರಿ, ಇವೇ ಅವನ ಬಂಡವಾಳ. ಅಂತಹ ಹಾಸ್ಯಗಾರನ ಬಾಯಿಗೆ ಒಂದು ದಿನ ಬೀಗ ಹಾಕಿ, ಆಟವನ್ನು ಮಾತ್ರ ಎಂದಿನಂತೆ ನಡೆಸು ಎಂದರೆ ಅವನ ಗತಿಯೇನು?

ಈ ಪ್ರಶ್ನೆ ಕಲ್ಪನೆಯದಲ್ಲ. ಕನ್ನಡದ ಒಬ್ಬ ಮಹಾನಟನ ಬಾಳಿನಲ್ಲಿ ಇದು ನಿಜವಾಗಿಯೇ ನಡೆಯಿತು. ಅವರು ಗುಬ್ಬಿ ವೀರಣ್ಣನವರು. ಅವರನ್ನು ನಾವು 'ಕಂಪನಿಯ ಯಜಮಾನ'ರೆಂದು ನೆನೆಯುತ್ತೇವೆ. ನಾಟಕಕ್ಕೆ ಆನೆ ಕುದುರೆಗಳನ್ನು ತಂದವರೆಂದು ನೆನೆಯುತ್ತೇವೆ. ರಾಜಕುಮಾರರಂತಹ ನಟರು ಬೆಳೆದ ಮನೆಯ ಹಿರಿಯರೆಂದು ನೆನೆಯುತ್ತೇವೆ. ಆದರೆ ಅವರು ಮೂಲತಃ ಹಾಸ್ಯನಟರು ಎಂಬುದನ್ನೂ, ಮೂಕಿ ಚಿತ್ರಗಳ ಕಾಲದಲ್ಲಿಯೇ ತೆರೆಯ ಮೇಲೆ ಬಂದವರು ಎಂಬುದನ್ನೂ ಮರೆಯುತ್ತಿದ್ದೇವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದು ಹೊಸ ಸಂಗತಿಯಾದೀತು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಸಂಘ ಹುಟ್ಟಿತು. ಅದರ ಹೆಸರು ಶ್ರೀ ಚನ್ನಬಸವೇಶ್ವರಸ್ವಾಮಿ ಕೃಪಾಪೋಷಿತ ನಾಟಕ ಸಂಘ. ಜನರ ಬಾಯಿಯಲ್ಲಿ ಸುಲಭವಾಗಿ 'ಗುಬ್ಬಿ ಕಂಪನಿ'. ಬಾಲಕರಾಗಿದ್ದಾಗಲೇ ಈ ಸಂಘವನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನೇ ವಹಿಸಿಕೊಂಡರು. ಸಾಮಾನ್ಯವಾಗಿ ನಾಟಕ ಕಂಪನಿಯ ಯಜಮಾನನಾದವನು ರಾಜನ ಪಾತ್ರವನ್ನೋ ನಾಯಕನ ಪಾತ್ರವನ್ನೋ ತನಗಾಗಿ ಇಟ್ಟುಕೊಳ್ಳುವುದು ವಾಡಿಕೆ. ಹಣ ಹಾಕುವವನು ಕಿರೀಟವನ್ನೂ ತಾನೇ ತೊಡುತ್ತಾನೆ. ವೀರಣ್ಣನವರು ಹಾಗೆ ಮಾಡಲಿಲ್ಲ. 'ಸದಾರಮೆ'ಯಲ್ಲಿ ಕಳ್ಳನಾದರು. ಆ ಕಳ್ಳನನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. 'ವಿನೋದ ರತ್ನಾಕರ' ಎಂಬ ಬಿರುದು ಅವರಿಗೆ ಬಂದದ್ದು ಯಜಮಾನಿಕೆಗಾಗಿ ಅಲ್ಲ, ವಿದೂಷಕತನಕ್ಕಾಗಿ. ಕಂಪನಿಗೆ ಒಡೆಯ, ರಂಗದ ಮೇಲೆ ಕಳ್ಳ. ಈ ಜೋಡಿ ನನಗೆ ಬಹಳ ಇಷ್ಟವಾದದ್ದು.

ಅವರ ಹಾಸ್ಯದ ಜೀವ ಮಾತಿನಲ್ಲಿತ್ತು. ಸಮಯಕ್ಕೆ ಸರಿಯಾಗಿ ಬರುವ ಒಂದು ನುಡಿ, ಎದುರು ಪಾತ್ರದ ಮಾತನ್ನೇ ತಿರುಗಿಸಿ ಕೊಡುವ ಚಮತ್ಕಾರ, ನಡುವೆ ಒಂದು ಹಾಡು. ವೃತ್ತಿರಂಗಭೂಮಿಯ ಹಾಸ್ಯವೆಲ್ಲ ಇದೇ ಬಗೆಯದು.

ಇಂತಹವರು 1930ರ ಹೊತ್ತಿಗೆ ಸಿನಿಮಾ ತೆಗೆಯಲು ಹೊರಟರು. ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿ ಮೂಕಿ ಚಿತ್ರಗಳನ್ನು ತಯಾರಿಸಿದರು. 1931ರಲ್ಲಿ 'ಹಿಸ್ ಲವ್ ಅಫೇರ್' ಬಂದಿತು. ಅದರ ನಿರ್ದೇಶಕರು ಬೆಲ್ಜಿಯಂ ದೇಶದ ರಾಫೆಲ್ ಅಲ್ಗೋಯೆಟ್. ವೀರಣ್ಣನವರೂ ಅವರ ಪತ್ನಿ, ಹೆಸರಾಂತ ನಟಿ ಬಿ. ಜಯಮ್ಮನವರೂ ಅದರಲ್ಲಿ ಅಭಿನಯಿಸಿದರು. 1932ರಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ 'ಹರಿಮಾಯಾ' ಬಂದಿತು. ಗುಬ್ಬಿಯ ನಾಟಕದವರು, ಬೆಲ್ಜಿಯಂನ ಒಬ್ಬ ನಿರ್ದೇಶಕ, ಇಂಗ್ಲಿಷ್ ಹೆಸರಿನ ಚಿತ್ರ! ಮೂಕಿಗೆ ಭಾಷೆಯ ಗಡಿಯಿಲ್ಲವೆಂಬ ಧೈರ್ಯವೇ ಇದಕ್ಕೆ ಕಾರಣವಾಗಿರಬೇಕು. ಚಿತ್ರದ ನಡುನಡುವೆ ಬರುವ ಬರಹದ ತುಣುಕುಗಳನ್ನು ಬದಲಾಯಿಸಿದರಾಯಿತು, ಬೆಂಗಳೂರಿನ ಚಿತ್ರ ಲಾಹೋರಿನಲ್ಲಿಯೂ ಓಡಬಹುದಾಗಿತ್ತು.

ಮೂಕಿ ಚಿತ್ರದ ಮೋಹ ಆಗ ನಮ್ಮ ಕರಾವಳಿಯನ್ನೂ ಬಿಟ್ಟಿರಲಿಲ್ಲ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರಲ್ಲಿ 'ಡೊಮಿಂಗೋ' ಎಂಬ ಮೂಕಿ ಚಿತ್ರವನ್ನೂ ಮರುವರ್ಷ 'ಭೂತರಾಜ್ಯ' ಎಂಬುದನ್ನೂ ತೆಗೆದರು. ಕಾರಂತರನ್ನು ಕಾದಂಬರಿಕಾರರೆಂದೇ ಓದಿದ ನಮ್ಮ ಹುಡುಗರಿಗೆ ಪಾಠದ ನಡುವೆ ಈ ಮಾತನ್ನು ಹೇಳಿದಾಗಲೆಲ್ಲ ಅವರು ನಂಬದೆ ನಗುತ್ತಿದ್ದರು. ಅದೇ ಆಸುಪಾಸಿನಲ್ಲಿ ಮೃಚ್ಛಕಟಿಕದ ಕತೆಯನ್ನು ಮೋಹನ್ ಭವನಾನಿಯವರು ಮೂಕಿಯಾಗಿ ತೆಗೆದಾಗ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದರು. ಕೈಲಾಸಂ ಮಾತಿಲ್ಲದೆ ಅಭಿನಯಿಸಿದರೆಂದರೆ ಅದೂ ಒಂದು ಸೋಜಿಗವೇ!

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮಾತೇ ಬಂಡವಾಳವಾದವನಿಗೆ ಮೂಕಿಯಲ್ಲಿ ಏನು ಉಳಿಯುತ್ತದೆ? ಮುಖ ಉಳಿಯುತ್ತದೆ, ನಡಿಗೆ ಉಳಿಯುತ್ತದೆ, ಸಮಯಪ್ರಜ್ಞೆ ಉಳಿಯುತ್ತದೆ. ಚಾರ್ಲಿ ಚಾಪ್ಲಿನ್ ಇವಿಷ್ಟರಿಂದಲೇ ಜಗತ್ತನ್ನು ಗೆದ್ದವನು. ಆದರೆ ಚಾಪ್ಲಿನ್ ಬೆಳೆದ ಇಂಗ್ಲೆಂಡಿನ ವಿನೋದ ರಂಗದಲ್ಲಿ ಮೂಕಾಭಿನಯವೇ ಒಂದು ಕಸುಬಾಗಿತ್ತು. ಅವನು ಮೂಕಿಗೆ ಸಿದ್ಧನಾಗಿಯೇ ಬಂದನು. ನಮ್ಮ ವೀರಣ್ಣನವರ ಹಾಸ್ಯ ಸಭಿಕರ ನಗುವಿನ ಅಲೆಯನ್ನು ಕೇಳಿ, ಅದು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತನ್ನು ಎಸೆಯುವ ಬಗೆಯದು. ಕ್ಯಾಮೆರಾ ನಗುವುದಿಲ್ಲ. ಯಂತ್ರದ ಕರಕರ ಸದ್ದಿನ ಎದುರು ನಿಂತು ವಿದೂಷಕನಾಗುವುದು ಎಷ್ಟು ಕಷ್ಟವೆಂಬುದನ್ನು ಖಾಲಿ ತರಗತಿಯಲ್ಲಿ ಪಾಠ ಮಾಡಿ ಅಭ್ಯಾಸ ಮಾಡಿದ ಉಪಾಧ್ಯಾಯರು ಸ್ವಲ್ಪ ಊಹಿಸಬಲ್ಲರು.

ಮೂಕಿಯ ಕಾಲವೂ ಅವರಿಗೆ ಒದಗಿಬರಲಿಲ್ಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ತೆರೆಕಂಡಿತು. ಭಾರತೀಯ ಚಿತ್ರಕ್ಕೆ ಮಾತು ಬಂದಿತು. ಒಮ್ಮೆ ತೆರೆಯ ಮೇಲಿನ ರಾಜಕುಮಾರ ಹಾಡತೊಡಗಿದ ಮೇಲೆ ತುಟಿ ಮಾತ್ರ ಅಲುಗಾಡಿಸುವ ರಾಜಕುಮಾರನನ್ನು ಯಾರು ಕೇಳುತ್ತಾರೆ? ವೀರಣ್ಣನವರ ಮೂಕಿ ಚಿತ್ರಗಳು ಪೇಟೆಗೆ ಬಂದದ್ದು ಸರಿಯಾಗಿ ಈ ತಿರುವಿನಲ್ಲಿ. ಒಂದೆರಡು ವರ್ಷಗಳಲ್ಲಿ ಮೂಕಿಯ ಅಂಗಡಿಯೇ ಮುಚ್ಚಿತು. ಸ್ವಾರಸ್ಯವೆಂದರೆ, 'ಹರಿಮಾಯಾ'ವನ್ನು ನಿರ್ದೇಶಿಸಿದ ಅದೇ ವೈ. ವಿ. ರಾವ್ ಅವರು ಎರಡು ವರ್ಷಗಳ ಬಳಿಕ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನಿರ್ದೇಶಿಸಿದರು. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕನ್ನಡ ತೆರೆಗೆ ಮಾತು ಬಂದಾಗ ಮೊದಲು ಮಾತಾಡಿದವರು ಆರ್. ನಾಗೇಂದ್ರರಾಯರು, ಎಂ. ವಿ. ಸುಬ್ಬಯ್ಯನಾಯ್ಡು ಅವರು. ಮಾತಿನ ಮಲ್ಲರಾದ ವೀರಣ್ಣನವರು ಮಾತಿಲ್ಲದ ತೆರೆಗೆ ಮೊದಲೇ ಬಂದು, ಮಾತು ಬಂದ ಗಳಿಗೆಯಲ್ಲಿ ಬದಿಗೆ ನಿಂತಿದ್ದರು.

ಅವರು ರಂಗಭೂಮಿಗೆ ಹಿಂದಿರುಗಿದರು. ಹಿಂದಿರುಗಿದರು ಎನ್ನುವುದೂ ಸರಿಯಲ್ಲ, ಬಿಟ್ಟೇ ಇರಲಿಲ್ಲ. 1934ರಲ್ಲಿ 'ಕುರುಕ್ಷೇತ್ರ' ನಾಟಕವನ್ನು ನಿಜವಾದ ಆನೆ ಕುದುರೆಗಳೊಡನೆ ರಂಗಕ್ಕೆ ತಂದರು. ಸಿನಿಮಾ ತೋರಿಸುವ ವೈಭವವನ್ನು ನಾನು ಇಲ್ಲಿಯೇ, ನಿಮ್ಮ ಕಣ್ಣೆದುರಿಗೇ, ಜೀವಂತವಾಗಿ ತೋರಿಸುತ್ತೇನೆ ಎಂಬ ಪಂಥ ಅದರಲ್ಲಿ ನನಗೆ ಕಾಣುತ್ತದೆ. ಚಿತ್ರರಂಗದಲ್ಲಿ ಕೈ ಸುಟ್ಟುಕೊಂಡವರು ಅದರೊಡನೆ ಹೀಗೆ ಜಿದ್ದಿಗೆ ಬೀಳುವುದು ಸಹಜ.

ಆದರೂ ತೆರೆಯ ಸೆಳೆತ ಬಿಡಲಿಲ್ಲ. 1941ರಲ್ಲಿ 'ಸುಭದ್ರಾ', 1942ರಲ್ಲಿ 'ಜೀವನ ನಾಟಕ', ಆ ದಶಕದ ನಡುವಿನಲ್ಲಿ 'ಹೇಮರೆಡ್ಡಿ ಮಲ್ಲಮ್ಮ', 1953ರಲ್ಲಿ 'ಗುಣಸಾಗರಿ'. ಇಷ್ಟರಲ್ಲಿ ವೀರಣ್ಣನವರ ಸ್ಥಾನ ಬದಲಾಗಿತ್ತು. 1931ರಲ್ಲಿ ಚಿತ್ರವೇ ಅವರ ಸುತ್ತ ತಿರುಗುತ್ತಿತ್ತು. ಈಗ ನಾಯಕನ ಜಾಗದಲ್ಲಿ ಹೊನ್ನಪ್ಪ ಭಾಗವತರಂತಹ ಗಾಯಕ ನಟರಿದ್ದರು, ವೀರಣ್ಣನವರು ಪಕ್ಕದ ಪಾತ್ರಗಳಲ್ಲಿದ್ದರು. ಇದನ್ನು ಇಳಿಮುಖವೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರುವತ್ತರ ಗಡಿಯಲ್ಲಿ ನಿಂತು, ತಾನೇ ಹಣ ಹಾಕಿದ ಚಿತ್ರದಲ್ಲಿ ಬೇರೊಬ್ಬರನ್ನು ನಾಯಕನನ್ನಾಗಿ ಮಾಡಿ, ತಾನು ಬದಿಯ ಪಾತ್ರವನ್ನು ಎತ್ತಿ ನಿಲ್ಲಿಸಲು ಒಂದು ದೊಡ್ಡತನ ಬೇಕು. ಅದಕ್ಕಿಂತಲೂ ಹೆಚ್ಚಾಗಿ, ಹಾಸ್ಯನಟನೇ ಪೋಷಕ ಪಾತ್ರಕ್ಕೆ ಹೇಳಿ ಮಾಡಿಸಿದವನು.

ಏಕೆಂದರೆ ನಮ್ಮ ಬಡಗುತಿಟ್ಟಿನಲ್ಲಿ ಈ ಸತ್ಯವನ್ನು ಹಿರಿಯರು ಎಂದೋ ಕಂಡುಕೊಂಡಿದ್ದಾರೆ. ರಾಮಾಯಣದ ಪ್ರಸಂಗದಲ್ಲಿ ಮಂಥರೆಯ ವೇಷ ಯಾರದು? ಹಾಸ್ಯಗಾರನದು. ನಳದಮಯಂತಿ ಪ್ರಸಂಗದಲ್ಲಿ ಕಾರ್ಕೋಟಕನ ಕಡಿತದಿಂದ ನಳನು ಕುರೂಪಿಯಾಗಿ ಬಾಹುಕನಾಗುತ್ತಾನಷ್ಟೆ. ಅದುವರೆಗೆ ನಳನಾಗಿದ್ದ ವೇಷಧಾರಿ ಸರಿದು ಬಾಹುಕನ ವೇಷಕ್ಕೆ ಹಾಸ್ಯಗಾರನೇ ಬರುತ್ತಾನೆ. ಸಭೆ ಅವನ ಸೊಟ್ಟ ನಡಿಗೆಯನ್ನು ನೋಡಿ ನಗತೊಡಗುತ್ತದೆ. ದಮಯಂತಿಯ ಎದುರು ಅವನು ತನ್ನ ಗುರುತನ್ನು ನುಂಗಿಕೊಂಡು ನಿಂತಾಗ ಅದೇ ಸಭೆ ಕಣ್ಣೊರೆಸಿಕೊಳ್ಳುತ್ತದೆ. ರಾಜವೇಷದವನಿಗೆ ಅದು ಸಾಧ್ಯವಿಲ್ಲವೆಂದಲ್ಲ. ಆದರೆ ನಗಿಸಿದವನು ಅಳಿಸಿದಾಗ ಅದರ ಪೆಟ್ಟು ಬೇರೆ. ಸಿನಿಮಾದವರು ಇದನ್ನು ನಿಧಾನವಾಗಿ ಕಲಿತರು. ಕನ್ನಡದಲ್ಲಿ ಟಿ. ಎನ್. ಬಾಲಕೃಷ್ಣ ಅವರನ್ನು ನೆನೆಯಿರಿ: ಕಿವಿ ಮಂದವಾಗಿದ್ದ ಆ ಮಹಾನುಭಾವರು ಹಾಸ್ಯದಿಂದ ಹೊರಟು ಖಳ, ತಂದೆ, ಅಜ್ಜ, ಹೀಗೆ ಎಲ್ಲವೂ ಆದರು.

ಕಾರಂತರ ಕತೆಯಲ್ಲಿ ಇದರ ಇನ್ನೊಂದು ಮುಖವಿದೆ. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರು ಮುಂದೆ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನು ತೆಗೆದುಹಾಕಿ, ಹಾಡು, ಕುಣಿತ, ಅಭಿನಯಗಳನ್ನು ಮಾತ್ರ ಉಳಿಸಿಕೊಂಡರು. ಪರದೇಶದವರೂ ಅದನ್ನು ಮೆಚ್ಚಿದರು. ನಮ್ಮ ಊರಿನ ಹಳಬರಿಗೆ ಮಾತ್ರ ಒಂದೇ ಕೊರಗು: ಹಾಸ್ಯಗಾರನ ಮಾತೆಲ್ಲಿ? ನಾನೂ ಆ ಹಳಬರ ಪಂಗಡದವನೇ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ವೀರಣ್ಣನವರ ಕೊನೆಯ ದೊಡ್ಡ ಚಿತ್ರಸಾಹಸ 1954ರ 'ಬೇಡರ ಕಣ್ಣಪ್ಪ'. ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನ. ತಮ್ಮ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಮುತ್ತುರಾಜ ಅಲ್ಲಿ ರಾಜಕುಮಾರರಾದರು. ಅದೇ ಕಂಪನಿಯ ನರಸಿಂಹರಾಜು ಅವರೂ ಜಿ. ವಿ. ಅಯ್ಯರ್ ಅವರೂ ಜೊತೆಗಿದ್ದರು. ತಾವು ಬಿಟ್ಟ ವಿದೂಷಕನ ಗಾದಿಗೆ ತಮ್ಮ ಮನೆಯ ನರಸಿಂಹರಾಜು ಅವರೇ ಬಂದು ಕುಳಿತದ್ದನ್ನು ಅವರು ಕಣ್ಣಾರೆ ಕಂಡರು. ಕಂಪನಿಗೆ ಹುಡುಗನಾಗಿ ಬಂದ ಬಿ. ವಿ. ಕಾರಂತರನ್ನು ಓದಲೆಂದು ಕಾಶಿಗೆ ಕಳುಹಿಸಿದವರೂ ಇವರೇ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂದವು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'.

ಅವರ ಮೂಕಿ ಚಿತ್ರಗಳನ್ನು ಇಂದು ನೋಡಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಸುಮಾರು 1300 ಮೂಕಿ ಚಿತ್ರಗಳು ತಯಾರಾದವು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಕೆಲವೇ ಡಜನ್. ಆ ಕಾಲದ ನೈಟ್ರೇಟ್ ಫಿಲಂ ಬೇಗ ಹಾಳಾಗುತ್ತಿತ್ತು, ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು. ಹಳೆಯ ಸುರುಳಿಗಳಿಂದ ಬೆಳ್ಳಿಯನ್ನು ತೆಗೆದು ಮಾರಿಕೊಂಡವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ತೆರೆದದ್ದು 1964ರಲ್ಲಿ. ಅಷ್ಟರಲ್ಲಿ ಬಹುಪಾಲು ಬೂದಿಯಾಗಿತ್ತು. ಮಾತಿಲ್ಲದ ವೀರಣ್ಣನವರ ಮುಖ ಹೀಗೆ ಹೋಯಿತು. ಅವರ ಕಳ್ಳ ಮಾತ್ರ ಉಳಿದ. ಮೊಮ್ಮಗಳು ಬಿ. ಜಯಶ್ರೀ ಅವರು 'ಸದಾರಮೆ'ಯನ್ನು ಮತ್ತೆ ಆಡಿಸಿದಾಗ ಅಜ್ಜನ ಆ ಪಾತ್ರವನ್ನು ತಾವೇ ವಹಿಸಿದರು.

ಪರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಬೆಲ್ಜಿಯಂನಲ್ಲಿಯೋ ಬೇರೆಲ್ಲಿಯೋ ಹಳೆಯ ಚಿತ್ರಗಳ ಸಂಗ್ರಹಾಲಯಕ್ಕೆ ಹೋಗುವ ಅವಕಾಶ ನಿಮಗೆ ದೊರೆತರೆ, ಅಲ್ಗೋಯೆಟ್ ಎಂಬ ಹೆಸರನ್ನು ಹೇಳಿ ವಿಚಾರಿಸಿ ನೋಡಿ. ಹತ್ತು ನಿಮಿಷದ ಒಂದು ಸುರುಳಿ ಸಿಕ್ಕರೂ ಸಾಕು, ನನಗೆ ತಿಳಿಸಿ.