ಉಪವಾಸ, ಸರಳ ಬದುಕು ಮತ್ತು ನಮ್ಮ ನಾಡಿನ ಕ್ರೈಸ್ತ ಸಂನ್ಯಾಸಿಗಳು

ಉಪವಾಸವೆಂದೊಡನೆ ನಮ್ಮ ಕಡೆಯ ಜನರಿಗೆ ಏಕಾದಶಿ, ಶಿವರಾತ್ರಿ, ರಂಜಾನ್ ತಿಂಗಳ ರೋಜಾ ನೆನಪಿಗೆ ಬರುತ್ತವೆ. ಕ್ರೈಸ್ತರಲ್ಲಿಯೂ ಉಪವಾಸವುಂಟೆ ಎಂದು ಕೇಳಿದವರನ್ನು ನಾನು ಬಲ್ಲೆ. ಕೊಡಗಿನಲ್ಲಿ ಕ್ರೈಸ್ತರೆಂದರೆ ಕ್ರಿಸ್ಮಸ್ ಕೇಕು, ಮನೆಯಲ್ಲೇ ಮಾಡಿದ ವೈನು, ಹಂದಿ ಮಾಂಸದ ಊಟ ಎಂಬಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತುಬಿಟ್ಟಿದೆ. ಆದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ಕನ್ನಡ ಕಥೋಲಿಕರು ‘ತಪಸ್ಸುಕಾಲ’ ಎಂದು ಕರೆಯುತ್ತಾರೆ. ಭಾನುವಾರಗಳು ಈ ಲೆಕ್ಕಕ್ಕೆ ಸೇರವು. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಆರಂಭಿಸುವ ವ್ರತವಿದು. ವಿಭೂತಿ, ತಪಸ್ಸು, ಉಪವಾಸ, ಈ ಮೂರು ಮಾತುಗಳೂ ಎಲ್ಲಿಂದ ಬಂದವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಿಂದೆ ಈ ದಿನಗಳಲ್ಲಿ ದಿನಕ್ಕೊಂದೇ ಪೂರ್ಣ ಊಟವೆಂಬ ಕಟ್ಟುನಿಟ್ಟಿತ್ತು. 1966ರಲ್ಲಿ ಆರನೆಯ ಪೌಲ್ ಪೋಪರು ನಿಯಮವನ್ನು ಸಡಿಲಿಸಿದ ಮೇಲೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಲ್ಲಿ ಮಾತ್ರ ಉಪವಾಸ ಕಡ್ಡಾಯವಾಗಿ ಉಳಿಯಿತು. ಮಿಕ್ಕ ದಿನಗಳನ್ನು ಅವರವರ ಮನಸ್ಸಾಕ್ಷಿಗೆ ಬಿಡಲಾಯಿತು.

ಮಾಂಸಾಹಾರವೇ ಹಬ್ಬವಾಗಿರುವ ನಾಡಿನಲ್ಲಿ ಮಾಂಸವನ್ನು ಬಿಡುವುದು ದೊಡ್ಡ ಮಾತು. ಕೊಡವರಿಗೂ ಇದು ಹೊಸದಲ್ಲ. ಕಾವೇರಿ ಸಂಕ್ರಮಣದಂದು ಕೊಡವರ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಊರ ದೇವರ ಹಬ್ಬಕ್ಕೆ ‘ಕಟ್ಟು’ ಬಿದ್ದಿತೆಂದರೆ ಕಟ್ಟು ಸಡಿಲುವವರೆಗೆ ಊರಿಗೆ ಊರೇ ವ್ರತದಲ್ಲಿರುತ್ತದೆ. ನನ್ನೊಡನೆ ಕೆಲಸ ಮಾಡಿದ ಗಣಿತದ ಮೇಷ್ಟರೊಬ್ಬರು ವಿರಾಜಪೇಟೆಯ ಕಡೆಯ ಕಥೋಲಿಕರು. ತಪಸ್ಸುಕಾಲ ಬಂತೆಂದರೆ ಮಧ್ಯಾಹ್ನ ಬುತ್ತಿ ತರುತ್ತಿರಲಿಲ್ಲ. ಒಂದು ಲೋಟ ಗಂಜಿ ಕುಡಿದು ಉತ್ತರ ಪತ್ರಿಕೆಗಳ ಮುಂದೆ ಕುಳಿತುಬಿಡುತ್ತಿದ್ದರು. ಅವರನ್ನು ಕಂಡ ಮೇಲೆಯೇ ಈ ವಿಷಯದ ಚರಿತ್ರೆಯನ್ನು ಹುಡುಕಿ ಓದುವ ಕುತೂಹಲ ನನ್ನಲ್ಲಿ ಹುಟ್ಟಿದ್ದು.

ವಿರಾಜಪೇಟೆಯ ಕಥೋಲಿಕರ ಕಥೆಯೇ ಒಂದು ತಪಸ್ಸುಕಾಲದಿಂದ ಮೊದಲಾಗುತ್ತದೆ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಹೀಗೆ ಹೋದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ದಾರಿಯಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಅನೇಕರು. ಮರುವರ್ಷದಿಂದ ಕೊಡವರನ್ನೂ ಅದೇ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂಬುದನ್ನು ಕೊಡಗಿನವರು ಮರೆತಿಲ್ಲ. ನಲವತ್ತು ದಿನದ ವ್ರತವನ್ನು ಹಿಡಿಯಬೇಕಾಗಿದ್ದ ಜನರಿಗೆ ವ್ರತದ ಬದಲು ಹಸಿವೇ ಎದುರಾಯಿತು. ತಾನಾಗಿ ಬಿಟ್ಟ ಅನ್ನವೂ ಕಿತ್ತುಕೊಂಡ ಅನ್ನವೂ ಒಂದೇ ಅಲ್ಲ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಗಾಳಿಬೀಡಿನ ಸುತ್ತಲ ಗುಡ್ಡಗಳು ಜರಿದು, ಅನ್ನದ ಗದ್ದೆಗಳು ಮಣ್ಣಿನಡಿ ಸೇರಿ, ಜನ ಪರಿಹಾರ ಕೇಂದ್ರಗಳಲ್ಲಿ ತಟ್ಟೆ ಹಿಡಿದು ನಿಂತುದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ಬೇರೆಯಾಗಿ ಹೇಳಬೇಕಿಲ್ಲ.

ಸೆರೆಯಿಂದ ತಪ್ಪಿಸಿಕೊಂಡ ಕೆಲವು ಕುಟುಂಬಗಳು ಕೊಡಗಿಗೆ ಬಂದವು. ಆಗ ಕೊಡಗಿನ ಅರಸನಾಗಿದ್ದ ದೊಡ್ಡವೀರರಾಜೇಂದ್ರನೂ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ಪಾರಾಗಿ ಬಂದವನೇ. ಸೆರೆಯ ಕಷ್ಟವನ್ನು ಬಲ್ಲ ಅರಸ ಆ ಜನರಿಗೆ ತನ್ನ ಹೆಸರಿನ ಹೊಸ ಪೇಟೆಯಲ್ಲಿ ನೆಲೆ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರದು. ಲಿಂಗಾಯತ ದೊರೆ, ಕೊಂಕಣಿ ಮಾತನಾಡುವ ಕಥೋಲಿಕ ಪ್ರಜೆ, ಸುತ್ತ ಕೊಡವರು. ಕೊಡಗಿನ ಇತಿಹಾಸವನ್ನು ಪಾಠ ಮಾಡುವಾಗ ಈ ಚಿತ್ರವನ್ನು ಮಕ್ಕಳಿಗೆ ಹೇಳದೆ ನಾನು ಎಂದೂ ಮುಂದೆ ಹೋದವನಲ್ಲ.

ಅದೇ 1792ರಲ್ಲಿ, ತನ್ನ ದೇಶದಲ್ಲಿ ಮಹಾಕ್ರಾಂತಿ ನಡೆಯುತ್ತಿದ್ದಾಗ, ಇಪ್ಪತ್ತೇಳರ ಹರೆಯದ ಒಬ್ಬ ಫ್ರೆಂಚ್ ಪಾದ್ರಿ ಹಡಗು ಹತ್ತಿ ಭಾರತಕ್ಕೆ ಹೊರಟನು. ಆತನೇ ಅಬ್ಬೆ ದುಬಾಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಚದುರಿಹೋಗಿದ್ದ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಕೆಲಸ ಆತನ ಪಾಲಿಗೆ ಬಂದಿತು. 1823ರ ಜನವರಿಯಲ್ಲಿ ಹಿಂದಿರುಗುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಬಹುಪಾಲು ಮೈಸೂರು ಸೀಮೆಯಲ್ಲಿ ಕಳೆದನು. ಜನ ಆತನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಈ ಹೆಸರನ್ನು ಸುಮ್ಮನೆ ಕೊಟ್ಟವರಲ್ಲ ನಮ್ಮ ಜನ. ಯೂರೋಪಿಯನ್ನರ ಸಹವಾಸದಿಂದ ದೂರವಿದ್ದು, ಉಡುಪು, ಆಹಾರ, ನಡೆನುಡಿ ಎಲ್ಲದರಲ್ಲಿಯೂ ಇಲ್ಲಿನವರಂತೆಯೇ ಬಾಳಿದವನು ಆತ. ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರದಲ್ಲಿ ದುಬಾಯ್ ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಕೋಲು ಹಿಡಿದು ನಿಂತಿದ್ದಾನೆ. ಹಳೆಯ ಮೈಸೂರಿನ ಯಾವುದೋ ಊರಿನ ಶಾನುಭೋಗರೆಂದರೂ ನಂಬಬಹುದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಈ ಪಾದ್ರಿ ಊರಿಗೆ ಬರುವ ಸುದ್ದಿ ತಿಳಿದರೆ ಸರ್ಕಾರದವರು ಹೇಳದಿದ್ದರೂ ಬ್ರಾಹ್ಮಣರ ಮನೆಯೊಂದನ್ನು ಆತನ ಬಿಡಾರಕ್ಕಾಗಿ ತೆರವು ಮಾಡಿಕೊಡುತ್ತಿದ್ದರಂತೆ.

ದುಬಾಯ್ ಬರಿಯ ಜಪತಪದಲ್ಲಿ ಕುಳಿತವನಲ್ಲ. ಸಿಡುಬಿನ ಲಸಿಕೆ ಭಾರತಕ್ಕೆ ಬಂದ ಹೊಸತರಲ್ಲಿಯೇ ಅದನ್ನು ಹಳ್ಳಿಹಳ್ಳಿಗೆ ಒಯ್ದನು. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ದಾಖಲೆಯಿದೆ. ಹೆದರುವ ತಾಯಂದಿರ ಮುಂದೆ ಪರದೇಶಿಯೊಬ್ಬ ಸೂಜಿ ಹಿಡಿದು ನಿಂತು ಇಷ್ಟು ಜನರನ್ನು ಒಪ್ಪಿಸಿದ್ದು ಹೇಗೆ? ಅವರ ಅನ್ನವನ್ನೇ ಉಂಡು, ಅವರಂತೆಯೇ ಉಟ್ಟು ಓಡಾಡಿದ್ದರ ಫಲವೆಂದೇ ನನಗನಿಸುತ್ತದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಏರ್ಪಡಿಸಿದನು. ಆ ಸೀಮೆಯ ಶೆಟ್ಟಿಹಳ್ಳಿಯಲ್ಲಿ, ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ತೇಲುವ ಹಾಳು ಇಗರ್ಜಿಯನ್ನು ನೋಡಲು ಈಗ ಪ್ರವಾಸಿಗರು ಮುಗಿಬೀಳುತ್ತಾರೆ. ಅದು ದುಬಾಯ್ ಕಾಲದ್ದಲ್ಲ, ಆತನ ನಂತರ ಬಂದ ಫ್ರೆಂಚ್ ಪಾದ್ರಿಗಳದು. ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿ ಪಕ್ಕದ ಸಾತಳ್ಳಿಗೆ ಹೋಗುತ್ತಾರೋ!

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ದುಬಾಯ್ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹಗಳಿಗೆ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ಗ್ರಂಥ ಆತನ ಕೀರ್ತಿಗೆ ಕಾರಣವಾಗಿತ್ತು. ಅದರ ಬಹುಭಾಗ ಹದಿನೆಂಟನೆಯ ಶತಮಾನದ ಜೆಸ್ವಿತ್ ಪಾದ್ರಿ ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ಗ್ರಂಥದ ಕೀರ್ತಿ ಅಷ್ಟು ಕುಗ್ಗಿತು. ಬದುಕಿದ ರೀತಿ ಮಾತ್ರ ಯಾರಿಂದಲೂ ನಕಲು ಮಾಡಿದ್ದಲ್ಲ ಎನ್ನೋಣವೇ? ಹಾಗೆನ್ನಲೂ ಬರುವುದಿಲ್ಲ. ಅದಕ್ಕೂ ಒಂದು ಪರಂಪರೆಯಿತ್ತು.

1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ರಾಬರ್ಟ್ ಡಿ ನೊಬಿಲಿ, ಪೋರ್ಚುಗೀಸರಂತೆ ದನದ ಮಾಂಸ ತಿಂದು ಮದ್ಯ ಕುಡಿಯುವ ‘ಪರಂಗಿ’ ತಾನಲ್ಲವೆಂದು ತೋರಿಸಲು ಕಾವಿ ಉಟ್ಟು, ದಿನಕ್ಕೊಮ್ಮೆ ಅನ್ನ, ಹಾಲು, ಸೊಪ್ಪು ತರಕಾರಿಯ ಊಟ ಮಾಡಿ ಬಾಳಿದನು. ಇದು ಧರ್ಮಸಮ್ಮತವೇ ಎಂಬ ದೂರು ರೋಮಿನವರೆಗೂ ಹೋಗಿ, 1623ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಜುಟ್ಟು, ಜನಿವಾರ, ಗಂಧ, ಸ್ನಾನಗಳಿಗೆ ಅನುಮತಿ ಕೊಟ್ಟರು. ಅದೇ ಹಾದಿಯಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಪಾದ್ರಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಸಂನ್ಯಾಸಿಯ ವೇಷದಲ್ಲಿ ಬಂದು ಮೈಸೂರು ಮಿಷನ್ನನ್ನು ಸ್ಥಾಪಿಸಿದನು. ಕನ್ನಡ ವ್ಯಾಕರಣವನ್ನೂ ನಿಘಂಟನ್ನೂ ಬರೆದ ಮೊದಲ ಪಾಶ್ಚಾತ್ಯರಲ್ಲಿ ಆತನೊಬ್ಬ. 1773ರಲ್ಲಿ ಜೆಸ್ವಿತ್ ಸಂಘವನ್ನೇ ಪೋಪರು ವಿಸರ್ಜಿಸಿದ ಮೇಲೆ ಈ ಹೊಲವನ್ನು ಉಳಲು ಬಂದವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದವರು. ದುಬಾಯ್ ಆ ಸಂಘಕ್ಕೆ ಸೇರಿದವನು.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಈ ಸರಳ ಬದುಕು ಸಾಧನೆಯೋ, ಉಪಾಯವೋ? ಜನರ ವಿಶ್ವಾಸ ಗಳಿಸಲೆಂದೇ ಅವರ ರೀತಿನೀತಿಗಳನ್ನು, ಅವರ ಪೂರ್ವಗ್ರಹಗಳನ್ನೂ ಕೂಡ, ತಾನು ಅನುಸರಿಸಿದೆನೆಂದು ದುಬಾಯ್ ಸ್ವತಃ ಒಪ್ಪಿಕೊಂಡಿದ್ದಾನೆ. ಉಪಾಯವಾಗಿ ಮೊದಲಾದದ್ದು ಮೂವತ್ತು ವರ್ಷ ಬಿಡದೆ ನಡೆದರೆ ಅದು ಸ್ವಭಾವವೇ ಆಗಿಬಿಡುತ್ತದೆ. ಆದ್ದರಿಂದ ಅವನನ್ನು ಕಪಟಿಯೆನ್ನಲು ನನಗೆ ಮನಸ್ಸಿಲ್ಲ. ನನ್ನನ್ನು ಕಾಡುವುದು ಪೂರ್ವಗ್ರಹಗಳೆಂಬ ಮಾತು. ಬ್ರಾಹ್ಮಣ ಸಂನ್ಯಾಸಿಯಂತೆ ಬಾಳಿದ ಪಾದ್ರಿ, ಬ್ರಾಹ್ಮಣ ಸಂನ್ಯಾಸಿಯಂತೆಯೇ ಅಸ್ಪೃಶ್ಯರಿಂದ ದೂರ ನಿಲ್ಲಬೇಕಾಯಿತು. ಈ ತೊಡಕಿಗಾಗಿ ಜೆಸ್ವಿತರು ಹಿಂದುಳಿದ ಜಾತಿಗಳಿಗೆಂದು ‘ಪಂಡಾರ ಸ್ವಾಮಿ’ಗಳೆಂಬ ಬೇರೆ ಪಂಗಡವನ್ನೇ ಮಾಡಿಕೊಂಡಿದ್ದರು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಮಲಬಾರ್ ಆಚಾರಗಳನ್ನು ನಿಷೇಧಿಸಿದಾಗಲೂ ಪರಿಹಾರವೆಂದು ಸಿಕ್ಕಿದ್ದು ಪರಯರಿಗೆ ಪ್ರತ್ಯೇಕ ಪಾದ್ರಿಗಳೆಂಬ ಏರ್ಪಾಡು. ಒಂದೇ ದೇವರು, ಎರಡು ಪಂಕ್ತಿ! ಹೊಟ್ಟೆಯನ್ನು ಗೆದ್ದವರು ಜಾತಿಯ ಮುಂದೆ ಸೋತರು. ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಇಷ್ಟು ವರ್ಷಗಳಲ್ಲಿ ತಾನು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿಯೆಂದೂ, ಅವರಲ್ಲಿ ಮೂರನೆಯ ಎರಡು ಪಾಲು ಪರಯರು ಇಲ್ಲವೆ ಭಿಕ್ಷುಕರೆಂದೂ ಬರೆದನು. ಸೋಲನ್ನು ಮುಚ್ಚಿಡದ ಅವನ ಪ್ರಾಮಾಣಿಕತೆ ದೊಡ್ಡದು. ಆದರೆ ಆ ಲೆಕ್ಕದಲ್ಲಿ ದಲಿತರನ್ನು ಎಣಿಕೆಗೆ ಬಾರದವರೆಂಬಂತೆ ನೋಡಿರುವುದು ಕ್ರಿಸ್ತನ ಶಿಷ್ಯನಿಗೆ ಒಪ್ಪುವ ಮಾತಲ್ಲ.

ಕೊಡಗಿನಲ್ಲಿ ಇದಕ್ಕೆ ಬೇರೊಂದು ಮುಖ ಕಾಣುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಆ ಬಳಿಕ 1853ರ ಹೊತ್ತಿಗೆ ಕೊಡಗಿಗೆ ಬಂದರು. ಅಳಮಂಡ ಸೋಮಯ್ಯ ಎಂಬ ಕೊಡವರು ಸ್ಟೆಫಾನಸ್ ಎಂಬ ಹೆಸರಿನಿಂದ ಕ್ರೈಸ್ತರಾದುದು ಆಗಲೇ. ಬಾಸೆಲಿನವರು ಪ್ರೊಟೆಸ್ಟೆಂಟರು; ನಲವತ್ತು ದಿನದ ಉಪವಾಸ ಅವರಲ್ಲಿ ಕಡ್ಡಾಯವಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಬೆಳೆದ ಅವರಿಗೆ ದುಡಿಮೆ, ಮಿತವ್ಯಯ, ದಿನನಿತ್ಯದ ಪ್ರಾರ್ಥನೆಗಳೇ ತಪಸ್ಸು. ಕಾವಿಯ ಗೊಡವೆಗೆ ಅವರು ಹೋಗಲಿಲ್ಲ. ಮಂಗಳೂರಿನಲ್ಲಿ ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಸುಟ್ಟರು. ಅಮ್ಮತ್ತಿ-ಸಿದ್ದಾಪುರದ ಕಡೆಯ ಆನಂದಪುರದಲ್ಲಿ, ತಲೆಮಾರುಗಳಿಂದ ಜೀತದಲ್ಲಿದ್ದ ದಲಿತ ಕುಟುಂಬಗಳನ್ನು ಮೊಗ್ಲಿಂಗ್ ನೆಲೆಗೊಳಿಸಿದರು. ಜೀತವನ್ನು 1843ರ ಕಾನೂನು ತೆಗೆದುಹಾಕಿದ್ದರೂ ಕಾಡಿನ ಕೊಡಗಿಗೆ ಕಾನೂನು ತಡವಾಗಿಯೇ ತಲುಪುತ್ತಿದ್ದ ಕಾಲವದು. ಸುತ್ತಲಿನ ಜಮೀನ್ದಾರರ ಆಳುಗಳಿಗೆ ಸ್ವಂತ ನೆಲ, ಸ್ವಂತ ಗುಡಿಸಲು ಎಂಬುದು ಯಾವ ಉಪದೇಶಕ್ಕಿಂತಲೂ ದೊಡ್ಡದಾಗಿತ್ತು. 1860ರಲ್ಲಿ ಮೊಗ್ಲಿಂಗ್ ತಾಯ್ನಾಡಿಗೆ ಹಿಂದಿರುಗಿದರು. ದುಬಾಯ್‌ಗೆ ಬ್ರಾಹ್ಮಣರ ಮನೆಯ ಬಾಗಿಲು ತೆರೆಯುತ್ತಿತ್ತು. ಮೊಗ್ಲಿಂಗರು ಯಾವ ಬಾಗಿಲೂ ಇಲ್ಲದವರಿಗೆ ಮನೆ ಕಟ್ಟಿಸಿದರು. ಇಬ್ಬರಲ್ಲಿ ಯಾರ ಬದುಕು ಹೆಚ್ಚು ಸರಳವೆಂದು ಕೇಳಿದರೆ ಉಡುಪು ನೋಡಿ ಉತ್ತರ ಹೇಳುವಂತಿಲ್ಲ.

ಸ್ವಾತಂತ್ರ್ಯದ ನಂತರ ಈ ವಿಚಾರ ಬೆಂಗಳೂರಿಗೆ ಬಂತು. 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೈನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಕೆಂಗೇರಿಯ ಬಳಿ ಮಠವೊಂದನ್ನು ತೆರೆಯಲು ಬಂದರು. ಇಂಗ್ಲೆಂಡಿನ ಲೆಕ್ಕದಲ್ಲಿ ಬಹು ಸರಳವೆನಿಸಿದ ಮಠ, ಸುತ್ತಲಿನ ಹಳ್ಳಿಗರ ಗುಡಿಸಲುಗಳ ನಡುವೆ ವೈಭವವಾಗಿಯೇ ಕಂಡಿತೆಂಬ ಅರಿವು ಅವರಿಗಾಯಿತು. ಮೂರು ವರ್ಷಗಳಲ್ಲಿ ಕೇರಳದ ಕುರಿಶುಮಲೆಗೆ ಹೋದರು; ಅಲ್ಲಿ ಕಾವಿ, ಬರಿಗಾಲು, ನೆಲದ ಮೇಲೆ ಮಲಗುವುದು. 1967ರಲ್ಲಿ ಬೆಂಗಳೂರಿನಲ್ಲಿ ಕಥೋಲಿಕರ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ ಅಮಲೋರ್ಪವದಾಸ್, 1979ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ಅಂಜಲಿ ಆಶ್ರಮವನ್ನು ಆರಂಭಿಸಿದರು. ಅವರು ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತ ಅಧ್ಯಯನ ವಿಭಾಗದ ಮುಖ್ಯಸ್ಥರೂ ಆಗಿದ್ದರು. ಆರತಿ, ಮೌನ, ಧ್ಯಾನ, ನೆಲದ ಮೇಲಿನ ಆಸನ ಇವು ಅಲ್ಲಿನ ಕ್ರಮ.

ಅಷ್ಟರಲ್ಲಿ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಕಾವಿಯೂ ಆರತಿಯೂ ಯಾರ ಸಂಸ್ಕೃತಿ, ಇಲ್ಲಿನ ಕ್ರೈಸ್ತರಲ್ಲಿ ಬಹುಸಂಖ್ಯಾತರಾದ ದಲಿತರದೇ ಎಂದು ಕೇಳುವವರು ಹುಟ್ಟಿಕೊಂಡರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ಧರ್ಮಶಾಸ್ತ್ರವನ್ನು ಕುರಿತು ಭಾಷಣ ಮಾಡಿದರು. ದಲಿತ ಕ್ರೈಸ್ತ ಚಿಂತನೆಯ ಮೊದಲ ಹೆಜ್ಜೆಗಳಲ್ಲಿ ಅದೊಂದೆಂದು ಎಣಿಸಲಾಗುತ್ತದೆ. ತಲೆಮಾರುಗಳಿಂದ ಒಪ್ಪೊತ್ತು ಉಂಡು ಬದುಕಿದವರಿಗೆ ಒಪ್ಪೊತ್ತಿನ ಊಟವನ್ನು ಸಾಧನೆಯೆಂದು ಹೇಗೆ ಬೋಧಿಸುವುದು ಎಂಬ ಪ್ರಶ್ನೆಗೆ ಆಶ್ರಮಗಳಿಂದ ಬಂದ ಉತ್ತರ ನನಗಿನ್ನೂ ಸಾಲದೆಂದೇ ತೋರುತ್ತದೆ.